ಬಾಯಿಮುಚ್ಚೋ ಅಜ್ಜಿಯ ಓಟು

ನಮ್ಮೂರಿನ ಚೌಕದಲ್ಲಿ ನಿಂತು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿಕೊಂಡ ಮೊಟ್ಟಮೊದಲ ಮನುಷ್ಯರೆಂದರೆ ಚುನಾವಣೆಯ ಅಧಿಕಾರಿಗಳು. ಬಸ್ಸಿಳಿದು, ಕೋಟಿನ ಧೂಳು ಕೊಡವಿಕೊಂಡು, "ನಾನು ದ್ವಾರಕಾನಾಥಯ್ಯ, ನಿಮ್ಮ ಹೆಸರುಗಳನ್ನೆಲ್ಲ ಬರ್ಕೊಳ್ಳೋದಕ್ಕೆ ಬಂದಿದೀನಿ" ಎಂದರು. ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಗಂಡಸರು ನೆಲ ನೋಡಿದರು. ಪಾಪ, ಅವರು ಪರಸ್ಥಳದವರು, ಅವರಿಗೇನು ಗೊತ್ತು. ನಮ್ಮೂರಲ್ಲಿ ಹುಟ್ಟಿದವರ ಹೆಸರನ್ನು ಕೂಗಳತೆಯೊಳಗೆ ಯಾರೇ ಆಡಲಿ, ಆ ಹೆಸರಿನವರ ಕಾಲು ತಾನಾಗಿ ಎದ್ದು ಹೊರಟು, ಆಡಿದವರ ಮುಂದೆ ಹೋಗಿ ನಿಲ್ಲುತ್ತದೆ. ಅದು ಕಿವಿಗೆ ಬಿದ್ದಿರಬೇಕು ಅಂತಲೂ ಇಲ್ಲ. ಒಲೆಯ ಮೇಲೆ ಹಾಲಿರಲಿ, ಮೈಮೇಲೆ ಸೋಪಿನ ನೊರೆಯಿರಲಿ, ಕಾಲಿಗೆ ಅದೆಲ್ಲ ಬೇಕಾಗಿಲ್ಲ.

ಹೀಗಾಗಿ ನಮ್ಮಲ್ಲಿ ಹೆಸರೆಂಬುದು ಟ್ರಂಕಿನ ತಳದಲ್ಲಿ ಬಚ್ಚಿಡುವ ವಸ್ತು. ಹೊರಗಿನ ಓಡಾಟಕ್ಕೆಲ್ಲ ಅಡ್ಡಹೆಸರೇ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ, ಆಗ ನನಗೆ ಇಪ್ಪತ್ತಮೂರು ವರ್ಷ, ಊರಿಗೆಲ್ಲ ನಾನು 'ಸೀಮೆಸುಣ್ಣ'. ನಮ್ಮಮ್ಮ 'ಒಗ್ಗರಣೆ'. ಎದುರುಮನೆಯ ಎಣ್ಣೆಗಾಣದವರ ಹೆಂಡತಿ 'ಹಿಂಡಿ'. ಒಬ್ಬರ ನಿಜವಾದ ಹೆಸರು ಕೇಳುವುದೆಂದರೆ ಅವರು ಉಟ್ಟ ಸೀರೆ ಹಿಡಿದು ಎಳೆದಷ್ಟೇ ಅಸಹ್ಯ. ಅಂಥಾ ಊರಿಗೆ ಮತದಾರರ ಪಟ್ಟಿ ಬರೆಯಲು ನನ್ನನ್ನು ನೇಮಿಸಿದರು, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.

ಹೆಸರು ಹುಟ್ಟುವ ಬಗೆಯನ್ನೂ ಹೇಳಿಬಿಡುತ್ತೇನೆ. ಮಗು ಹೊರಗೆ ಬಂದ ಮೇಲೆ ಹೆತ್ತವಳ ಬಾಯಿಂದ ಅದರ ಕಿವಿಗೆ ಬೀಳುವ ಮೊದಲ ಮಾತೇ ಅದರ ಹೆಸರು. ಆಮೇಲೆ ಬದಲಾಯಿಸುವ ಹಾಗಿಲ್ಲ. ಹಿಂದೆ ಯಾವಳೋ ಒಬ್ಬಳು ಬಾಯಾರಿ 'ನೀರು' ಅಂದುಬಿಟ್ಟಿದ್ದಳಂತೆ. ಆ ಹುಡುಗ ಬೆಳೆದು, ಊರಿನ ಬಾಯಾರಿದವರೆಲ್ಲರ ಮುಂದೆ ನಿಂತೂ ನಿಂತೂ ಸಾಕಾಗಿ ಊರೇ ಬಿಟ್ಟು ಹೋದನಂತೆ. ಅದಕ್ಕೇ ನಮ್ಮಲ್ಲಿ ಸೂಲಗಿತ್ತಿಯ ಮುಖ್ಯ ಕೆಲಸವೆಂದರೆ, ಮಗು ಭೂಮಿಗೆ ಬಿದ್ದ ಕೂಡಲೇ ತಾಯಿಯ ಬಾಯನ್ನು ಅಂಗೈಯಿಂದ ಒತ್ತಿ ಹಿಡಿಯುವುದು. ಅವಳು ಸುಧಾರಿಸಿಕೊಂಡು, ಯೋಚಿಸಿಟ್ಟ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳುವ ತನಕ ಆ ಕೈ ಕದಲುವಂತಿಲ್ಲ.

ನಮ್ಮ ಸೂಲಗಿತ್ತಿಗೆ ಅದರಿಂದಲೇ 'ಬಾಯಿಮುಚ್ಚೋ ಅಜ್ಜಿ' ಎಂದು ಹೆಸರು. ನಲವತ್ತು ವರ್ಷದಿಂದ ಊರಿನ ಒಂದೊಂದು ಹೆಸರೂ ಅವಳ ಎದುರಿಗೇ ಹುಟ್ಟಿತ್ತು. ಒಂದನ್ನೂ ಅವಳು ಹೊರಗೆ ಬಿಟ್ಟವಳಲ್ಲ. ಅವಳಿಗೆ ಮಾತ್ರ ಹೆಸರಿರಲಿಲ್ಲ. ಅವಳ ತಾಯಿ ಹೆತ್ತ ಗಳಿಗೆಯಲ್ಲೇ ತೀರಿಕೊಂಡಿದ್ದಳು, ಮಗುವಿಗೆ ಏನೂ ಹೇಳದೆಯೇ ಹೋದಳು ಎಂದು ಊರೆಲ್ಲ ನಂಬಿತ್ತು. "ನನ್ನ ಕಾಲು ನನ್ನದೇ ಕಣೆ, ಈ ಊರಲ್ಲಿ ಯಾವನೂ ನನ್ನನ್ನ ಕರೆಸಿಕೊಳ್ಳಲಾರ" ಎಂದು ಅಜ್ಜಿ ಜಂಬ ಕೊಚ್ಚುತ್ತಿದ್ದಳು.

ಆದರೆ ಆ ಕಾಲಿನ ಮೇಲೆ ಊರಿಗೆ ಎರಡು ಮಾತಿದ್ದವು. ಒಂದು ಹೊಗಳಿಕೆ. ಯಾರ ಮನೆಯಲ್ಲಿ ಹೆರಿಗೆ ನೋವು ಬರಲಿ, ಕರೆಯಲು ಆಳು ಹೊರಡುವ ಮೊದಲೇ ಅಜ್ಜಿ ಬಾಗಿಲಲ್ಲಿರುತ್ತಿದ್ದಳು. ಇನ್ನೊಂದು ಬೆನ್ನ ಹಿಂದಿನ ನಗು. ಯಾರ ಮನೆಯಲ್ಲಿ ಎಲೆ ಹಾಕಿ ಬಡಿಸುತ್ತಿರಲಿ, ಆ ಬೀದಿಯಲ್ಲಿ ಹೋಗುತ್ತಿದ್ದ ಅಜ್ಜಿ ನೇರವಾಗಿ ಒಳಗೆ ಬಂದು ನಿಂತುಬಿಡುತ್ತಿದ್ದಳು. ಮುಖ ಕೆಂಪಗೆ ಮಾಡಿಕೊಂಡು, "ಹಸಿವಿಲ್ಲಮ್ಮ, ಸುಮ್ಮನೆ ಬಂದೆ" ಎನ್ನುತ್ತಿದ್ದಳು. ಹೊಟ್ಟೆಬಾಕಿ ಎಂದು ನಾವು ಮಕ್ಕಳು ಆಡಿಕೊಂಡದ್ದುಂಟು. ನಾನೂ ಆಡಿಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಪಟ್ಟಿ ಬರೆಯುವ ಕೆಲಸದಲ್ಲಿ ನನಗೆ ಆಸರೆಯಾದವಳು ಅವಳೇ. ಮೊದಲ ವಾರ ಒಂದು ಬಾಗಿಲೂ ತೆರೆಯಲಿಲ್ಲ. ಗಂಡಸರು 'ಗಡಿಯಾರದವರು', 'ಮೂಲೆಮನೆಯವರು' ಎಂದು ಬರೆಸಿದರು. ಹೆಂಗಸರು ಬಾಗಿಲ ಹಿಂದೆ ನಿಂತು 'ಅವರ ಮನೆಯವರು' ಎಂದರು. ದ್ವಾರಕಾನಾಥಯ್ಯನವರು ಅವನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ದೇಶಕ್ಕೆ ದೇಶವೇ ಮೊದಲನೆಯ ಸಲ ಓಟು ಹಾಕುತ್ತಿದೆ, ಸಂಸತ್ತಿಗೆ ಮೂಲೆಮನೆಯವರು ಓಟು ಹಾಕಿದರು ಎಂದು ಬರೆದುಕೊಳ್ಳಲು ಆಗುವುದಿಲ್ಲ, ಸ್ವಂತ ಹೆಸರು ಬೇಕು ಎಂದರು. ಆಗ ಅಜ್ಜಿ ನನ್ನ ಜೊತೆ ಹೊರಟಳು. ಒಬ್ಬೊಬ್ಬರ ಮನೆಯಲ್ಲೂ ಕೂತು, ಪಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ, ಬೀಗದ ಕೈ ಅಧಿಕಾರಿಗಳ ಜನಿವಾರದಲ್ಲಿರುತ್ತದೆ, ಈ ಸೀಮೆಸುಣ್ಣ ಬಾಯಿ ಬಿಟ್ಟರೆ ಅವಳ ಬಾಯನ್ನೂ ನಾನೇ ಮುಚ್ಚುತ್ತೇನೆ ಎಂದು ನಂಬಿಸಿದಳು. ಜನ ಒಬ್ಬೊಬ್ಬರಾಗಿ ಬಂದು ನನ್ನ ಕಿವಿಯಲ್ಲಿ ಹೆಸರು ಉಸುರಿ ಹೋದರು. ಎಂಥೆಂಥ ಹೆಸರುಗಳು! ಆ ಕೆಲವು ವಾರ ನನಗೆ ನಿದ್ದೆಯಲ್ಲೂ ಪುಳಕ.

ಅಧಿಕಾರಿಗಳು ಊರಿನ ಗುಣ ತಿಳಿದ ಮೇಲೆ ಒಂದು ಉಪಾಯವನ್ನೂ ಕಂಡುಕೊಂಡರು. ಪಟ್ಟಿಗೆ ಸೇರುವವರು ಹತ್ತು ಹೆಜ್ಜೆ ದೂರ ನಿಲ್ಲಬೇಕು. ತಾವು ತಟ್ಟಿಯ ಮರೆಯಲ್ಲಿ ಹೆಸರನ್ನು ಮೆಲ್ಲಗೆ ಆಡುತ್ತಾರೆ. ಕಾಲು ಬಂದರೆ ಹೆಸರು ನಿಜ, ಬಾರದಿದ್ದರೆ ಸುಳ್ಳು. ಬೇರೆ ಊರುಗಳಲ್ಲಿ ಕಳ್ಳಹೆಸರು ಹಿಡಿಯಲು ಎಷ್ಟೆಲ್ಲ ಪಾಡು, ನಿಮ್ಮೂರು ಎಷ್ಟು ಚೆನ್ನ ಎಂದು ಅವರು ಕೈ ತಿಕ್ಕಿಕೊಂಡರು.

ಅಷ್ಟರಲ್ಲಿ ಅಭ್ಯರ್ಥಿಗಳು ಬರತೊಡಗಿದರು. ಮೂವರು, ಮೂವರೂ ಹೊರಗಿನವರು. ಕೊಡೆ ಗುರುತಿನವರು ಮೋಟಾರಿನಲ್ಲಿ ಬಂದು ಎಲ್ಲರಿಗೂ ಕೈ ಮುಗಿದರು. ಕಂದೀಲು ಗುರುತಿನವರು ಒಂದು ತಾಸು ಭಾಷಣ ಮಾಡಿ ಒಂದು ಚೊಂಬು ಮಜ್ಜಿಗೆ ಕುಡಿದರು. ಒನಕೆ ಗುರುತಿನವರು ಒಬ್ಬ ಹೆಂಗಸು, ನಡುವಯಸ್ಸಿನವರು, ಸೈಕಲ್ಲಿನಲ್ಲಿ ಬಂದರು. ಹೆಂಗಸು ಸೈಕಲ್ಲು ತುಳಿದದ್ದನ್ನು ಊರು ಹೇಗೋ ನುಂಗಿಕೊಂಡಿತು. ಆದರೆ ಅವರು ಬಾವಿಕಟ್ಟೆಯ ಹತ್ತಿರ ಇಳಿದು, ಎದುರಿಗಿದ್ದ ಬಾಯಿಮುಚ್ಚೋ ಅಜ್ಜಿಯ ಎರಡೂ ಕೈ ಹಿಡಿದುಕೊಂಡು, "ಅಮ್ಮ, ನಿಮ್ಮ ಹೆಸರೇನು?" ಎಂದು ಕೇಳಿಬಿಟ್ಟರು. ಹಿಂಡಿ ಕೊಡ ಅಲ್ಲೇ ಬಿಟ್ಟು ಮನೆಗೆ ಹೋದಳು. ಸಂಜೆಯೊಳಗೆ ಊರಿಗೆ ಊರೇ ಒನಕೆಗೆ ಓಟಿಲ್ಲ ಎಂದು ನಿಶ್ಚಯಿಸಿತ್ತು. ನನಗೂ ಮೈ ಉರಿದಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಶಾಲೆಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ತನ್ನನ್ನೂ ಬರೆದುಕೋ ಎಂದಳು. ಹೆಸರಿಲ್ಲದೆ ಹೇಗೆ ಬರೆಯಲಿ ಎಂದು ನಾನು ನಗಾಡಿದೆ. ಅವಳು ನಗಲಿಲ್ಲ.

"ಓಟು ಹಾಕೋರಲ್ಲಿ ಅರ್ಧ ಜನಾನ ಹೊರಗೆ ತಂದೋಳು ನಾನು ಕಣೆ. ಈಗ ನಾನೇ ಹೊರಗೆ ನಿಲ್ಲಬೇಕಾ?" ಎಂದಳು.

ನಾನು ಎದ್ದು ಅಧಿಕಾರಿಗಳ ಹತ್ತಿರ ಓಡಿದೆ. ಯಾವುದಾದರೂ ಒಂದು ಹೆಸರು ಬರೆದುಕೊಳ್ಳಿ ಎಂದು ಬೇಡಿದೆ. ಅವರು ಕೆಟ್ಟವರಲ್ಲ. ಆದರೆ ಪರೀಕ್ಷೆ ಎಲ್ಲರಿಗೂ ಒಂದೇ, ಕರೆದಾಗ ಕಾಲು ಬರಬೇಕು ಎಂದರು. ಪಟ್ಟಿ ಮುಚ್ಚುವುದು ನಾಳೆ ಸಂಜೆ ಐದಕ್ಕೆ. ಅಷ್ಟರೊಳಗೆ ಹೆಸರು ಸಿಕ್ಕರೆ ತಾವೇ ಬರೆದುಕೊಳ್ಳುವುದಾಗಿ ಮಾತು ಕೊಟ್ಟರು.

ಸರಿ, ಹುಡುಕಿಯೇ ಬಿಡೋಣ ಎಂದೆ. ಹೋಗುವ ಜೀವ ಯಾವುದಾದರೂ ಒಂದು ಹೆಸರನ್ನು ಪಿಸುಗುಟ್ಟಿರಲೇಬೇಕು, ಯಾರಿಗೂ ಕೇಳಿಸಿರಲಾರದು, ಅಷ್ಟೇ. ಕೊನೆಯ ದಿನ ಬೆಳಿಗ್ಗೆ ಅಜ್ಜಿಯನ್ನು ಬೀದಿಯಾಚೆ ಬಾವಿಕಟ್ಟೆಯ ಪಕ್ಕ ನಿಲ್ಲಿಸಿ, ನಾನು ನಮ್ಮ ಜಗಲಿಯ ಮೇಲೆ ನಿಂತು ಹೆಣ್ಣುಹೆಸರುಗಳನ್ನು ಕೂಗತೊಡಗಿದೆ. ಹೂವಿನ ಹೆಸರು, ಹಣ್ಣಿನ ಹೆಸರು, ದೇವಿಯರ ಹೆಸರು. ಗುಟ್ಟಾಗಿ ಬರೆದುಕೊಂಡ ಹೆಸರುಗಳೂ ಅದರಲ್ಲಿವೆ ಎಂಬುದು ಆ ಭರದಲ್ಲಿ ಮರೆತೇ ಹೋಗಿತ್ತು. "ರತ್ನಮ್ಮ" ಎಂದೆ. ಅಜ್ಜಿ ಅಲ್ಲಾಡಲಿಲ್ಲ. ಎದುರುಮನೆಯಿಂದ ಹಿಂಡಿ, ಕೈತುಂಬ ರಾಗಿಹಿಟ್ಟು, ದುರುಗುಟ್ಟಿಕೊಂಡು ಬಂದು ನನ್ನ ಮುಂದೆ ನಿಂತಳು. "ಹೊನ್ನಮ್ಮ" ಎಂದೆ. ಅಂಚೆಯವರ ತಾಯಿ ಅರ್ಧ ಬಾಚಿದ ಜಡೆ ಹಿಡಿದುಕೊಂಡು ಬಂದರು. "ಪಚ್ಚಮ್ಮ" ಎಂದರೆ ಇಬ್ಬರು ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷ ಅಕ್ಕಪಕ್ಕದ ಮನೆಯಲ್ಲಿದ್ದರೂ ಇಬ್ಬರದೂ ಒಂದೇ ಹೆಸರೆಂದು ಅವರಿಗೇ ತಿಳಿದಿರಲಿಲ್ಲ.

ನನಗೆ ಹೊಡೆತ ಬೀಳುವುದೇ ಬಾಕಿ ಇತ್ತು. ಬೈದರು, ನಿಜ. ಆದರೆ ವಿಷಯ ಏನೆಂದು ತಿಳಿದ ಮೇಲೆ ಹಿಂಡಿ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿ ಜಗಲಿಯ ಮೇಲೆ ಕೂತೇಬಿಟ್ಟಳು. ಹೇಗೂ ತನ್ನ ಹೆಸರು ಬೀದಿಗೆ ಬಿದ್ದಾಯಿತು, ಇನ್ನು ಮುಚ್ಚಿಡುವುದೇನು, ತೀರಿಹೋದ ತನ್ನಜ್ಜಿಯ ಹೆಸರೊಂದಿದೆ ಅದನ್ನೂ ಕೂಗು ಎಂದಳು. ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಮನೆಯ ಸತ್ತವರ ಹೆಸರುಗಳನ್ನು ತಂದರು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಜಗಲಿ, ಬೀದಿ ಎಲ್ಲ ಹೆಂಗಸರು. ಎಲ್ಲರೂ ಒಟ್ಟಿಗೆ ಕೂಗುವುದು, ಯಾರೋ ಬಂದು ನಿಲ್ಲುವುದು, ಎಲ್ಲರೂ ನಗುವುದು. ಹುಟ್ಟಿದಂದಿನಿಂದ ಅಷ್ಟು ಹೆಸರುಗಳನ್ನು ಗಾಳಿಯಲ್ಲಿ ಕೇಳಿರಲಿಲ್ಲ ನಾನು. ಅಜ್ಜಿಯ ಕಾಲು ಮಾತ್ರ ನೆಟ್ಟ ಕಂಬ.

ಹೆಸರುಗಳೆಲ್ಲ ಮುಗಿದವು. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ತನ್ನ ತಾಯಿ ಬಾಯಿ ಬಿಡದೆಯೇ ಹೋದದ್ದು ನಿಜವೇ ಇರಬೇಕು, ಬಿಡಿ ಎಂದಳು. ಹೆಂಗಸರು ಒಲೆ ನೆನಪಾಗಿ ಚದುರಿದರು.

ಅಂದು ಅಧಿಕಾರಿಗಳ ಊಟ ನಮ್ಮ ಮನೆಯಲ್ಲೇ. ಒಗ್ಗರಣೆಯ ಕೈಗೆ ಅತಿಥಿ ಸಿಕ್ಕರೆ ಕೇಳಬೇಕೆ. ಅಮ್ಮ ಅನ್ನದ ಮೇಲೆ ಅನ್ನ, ಹುಳಿಯ ಮೇಲೆ ಹುಳಿ. ಅಧಿಕಾರಿಗಳು ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು, "ಸಾಕಮ್ಮ, ಸಾಕಮ್ಮ" ಎಂದರು. ಬಾಗಿಲಲ್ಲಿ ನೆರಳಾಯಿತು. ನೋಡಿದರೆ ಅಜ್ಜಿ.

ಅವಳ ಮುಖ ನೋಡಲಾಗಲಿಲ್ಲ. ಅಧಿಕಾರಿಗಳು ಊಟಕ್ಕೆ ಕೂತ ಹೊತ್ತಿಗೇ ಬಂದು ನಿಂತೆನಲ್ಲ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನಗೆ ಹಸಿವಿಲ್ಲ ಸ್ವಾಮಿ. ಈ ಹಾಳು ಕಾಲೇ ಹೀಗೆ" ಎಂದು ಹಿಂದಕ್ಕೆ ತಿರುಗಿ ಹೊರಟಳು. ನಾನು ಬಾಗಿಲಿಗೆ ಹೋಗಿ ಅವಳು ಬೀದಿ ದಾಟುವುದನ್ನೇ ನೋಡುತ್ತ ನಿಂತೆ. ಒಳಗೆ ಅಮ್ಮ ಪಾಯಸದ ಪಾತ್ರೆ ತಂದಳು. ಒಂದು ಸೌಟು, ಎರಡು ಸೌಟು. "ಅಯ್ಯೋ ಸಾಕಮ್ಮ!" ಎಂದು ಅಧಿಕಾರಿಗಳು ಕೂಗಿಕೊಂಡರು. ಬಾವಿಕಟ್ಟೆಯ ಹತ್ತಿರ ಹೋಗಿದ್ದ ಅಜ್ಜಿಯ ಬಲಗಾಲು ಎತ್ತಿದ ಕಡೆಯೇ ನಿಂತು, ಗಿರಕ್ಕನೆ ನಮ್ಮ ಮನೆಯ ಕಡೆ ತಿರುಗಿತು. ಅವಳ ಮುಖ ಇನ್ನೂ ಆ ಕಡೆಗೇ ಇತ್ತು.

ನಾನು ಒಳಗೆ ಓಡಿ, ಈಗೇನಂದಿರಿ, ಈಗೇನಂದಿರಿ ಎಂದು ಅಧಿಕಾರಿಗಳ ಎಲೆಯ ಮುಂದೆ ಕುಣಿದೆ. ಅವರು ಗಾಬರಿಯಾಗಿ, ಪಾಯಸ ಬೇಡ ಅಂದೆ ಅಷ್ಟೇ ಎಂದರು. ನಾನು ಕಂಡದ್ದನ್ನು ತೊದಲಿದೆ. ಅವರು ತುತ್ತು ಕೆಳಗಿಟ್ಟರು.

"ಸಾಕಮ್ಮ ಅನ್ನೋದು ಹೆಸರೇ ಅಲ್ಲವೇನಮ್ಮ? ನಮ್ಮ ಕಡೆ ಬೀದಿಗೊಬ್ಬಳು ಸಾಕಮ್ಮ ಇದಾಳೆ. ನನ್ನ ಸೋದರತ್ತೆಯೇ ಸಾಕಮ್ಮ" ಎಂದರು.

ದಿನಬಳಕೆಯ ಮಾತು ಹೆಸರಾಗಬಾರದೆಂದು ಹೆದರಿ ಬದುಕಿದ ಊರು ನಮ್ಮದು. ಅದೊಂದು ಹೆಸರೆಂದು ನಮಗೆ ಹೊಳೆಯುವುದಾದರೂ ಹೇಗೆ. ಅಜ್ಜಿಯ ತಾಯಿ ನೋವಿನಲ್ಲಿ ಬಳಲಿ, ಮಗು ಬಿದ್ದ ಮೇಲೆ ಪಕ್ಕದಲ್ಲಿದ್ದ ಸೂಲಗಿತ್ತಿಯ ಕೈ ಬಾಯಿಗೆ ಬರುವ ಮೊದಲೇ ಅವಳ ಕಡೆ ತಿರುಗಿ ಆಡಿದ ಕೊನೆಯ ಮಾತು ಅದೇ ಇರಬೇಕು, ಮಗುವಿನ ಕಿವಿಗೆ ಬಿದ್ದ ಮೊದಲ ಮಾತೂ ಅದೇ. ಯಾರೂ ಅದನ್ನು ಮಾತೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಧಿಕಾರಿಗಳು ಎಂಜಲು ಕೈಯಲ್ಲೇ ಎದ್ದು ಬಂದರು. ಬಾಗಿಲಿಗೆ ಬಂದಿದ್ದ ಅಜ್ಜಿಯನ್ನು ನಾನು ಮತ್ತೆ ಬೀದಿಯಾಚೆ ಕರೆದುಕೊಂಡು ಹೋಗಿ ನಿಲ್ಲಿಸಿ, ಓಡಿ ಬಂದು ಜಗಲಿ ಹತ್ತಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಸಾಕಮ್ಮ" ಎಂದೆ. ಅಜ್ಜಿಯ ಕಾಲು ಎದ್ದವು. ಅವಳು ತನ್ನ ಕಾಲನ್ನು ತಾನೇ ನೋಡಿಕೊಳ್ಳುತ್ತ, ಬೀದಿ ದಾಟಿ, ಮೂರು ಮೆಟ್ಟಿಲು ಹತ್ತಿ, ನನ್ನ ಮುಂದೆ ಬಂದು ನಿಂತಳು. ಹೆರಿಗೆಯ ಮನೆಗಳಲ್ಲಿ ಹೆಂಗಸರು ನೋವು ತಾಳಲಾರದೆ ಕೂಗುತ್ತಿದ್ದದ್ದೂ ಅದೇ ಎಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಹಾಗಾದ್ರೆ ನಾನು ಹೊಟ್ಟೆಬಾಕಿ ಅಲ್ಲ?" ಎಂದು ಅಜ್ಜಿ ಕೇಳಿದಳು.

ಅಲ್ಲ ಅಜ್ಜಿ, ಅಲ್ಲ ಎಂದು ನಾನು ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತೆ. ಅಮ್ಮನೂ ಸೌಟು ಹಿಡಿದುಕೊಂಡೇ ಅತ್ತಳು. ಅಧಿಕಾರಿಗಳು ಕೈ ತೊಳೆದುಕೊಂಡು ಪೆಟ್ಟಿಗೆಯ ಬೀಗ ತೆಗೆದರು. ಪಟ್ಟಿಯ ಕೊನೆಯ ಸಾಲಿನಲ್ಲಿ ನಾನು ಆ ಹೆಸರು ಬರೆದಾಗ ಗಂಟೆ ಮೂರೂ ಆಗಿರಲಿಲ್ಲ.

ಓಟಿನ ದಿನ ಬರುವಷ್ಟರಲ್ಲಿ ಊರು ಹೊಂದಿಕೊಂಡಿತ್ತು. ಊಟಕ್ಕೆ ಕೂತವರು 'ಬೇಡ, ಬೇಡ' ಎನ್ನುವುದನ್ನು ರೂಢಿ ಮಾಡಿಕೊಂಡಿದ್ದರು, ಅಜ್ಜಿಯ ಕಾಲಿಗೆ ಯಾಕೆ ದಣಿವು ಎಂದು. ಅಂದು ಬೆಳಕು ಹರಿಯುವ ಮೊದಲೇ ಶಾಲೆಯ ಮುಂದೆ ಸಾಲು. ಮದುವೆಯ ಸೀರೆಗಳೆಲ್ಲ ಟ್ರಂಕಿನಿಂದ ಹೊರಗೆ ಬಂದಿದ್ದವು. ಗಡಿಯಾರದವರು ಮೂಗಿನ ತನಕ ಪೇಟ ಸುತ್ತಿದ್ದರು. ಒಳಗೆ ಮೂರು ಪೆಟ್ಟಿಗೆ, ಒಂದೊಂದರ ಮೇಲೂ ಒಂದೊಂದು ಗುರುತಿನ ಚಿತ್ರ. ಚೀಟಿಯನ್ನು ಮನಸ್ಸಿಗೆ ಬಂದ ಪೆಟ್ಟಿಗೆಗೆ ಹಾಕುವುದು. ತಟ್ಟಿಯ ಮರೆಯಿಂದ ಅಧಿಕಾರಿಗಳು ಹೆಸರು ಪಿಸುಗುಟ್ಟುವರು, ಸಾಲಿನಿಂದ ಒಬ್ಬರು ದಡಬಡನೆ ಒಳಗೆ ಹೋಗುವರು. ಪಚ್ಚಮ್ಮಂದಿರು ಇಬ್ಬರೂ ಒಟ್ಟಿಗೆ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡರು.

ಅಜ್ಜಿಯ ಸರದಿ ಬಂದಾಗ ಅಧಿಕಾರಿಗಳು ತಟ್ಟಿಯಿಂದಾಚೆ ಬಂದು, ಮೆಲ್ಲಗೆ ಕರೆಯಲೋ ಗಟ್ಟಿಯಾಗಿ ಕರೆಯಲೋ ಎಂದು ಕೇಳಿದರು. ಇಡೀ ಊರಿಗೆ ಕೇಳುವ ಹಾಗೆ ಕರೆಯಿರಿ ಎಂದಳು. ಅವರು ಗಂಟಲು ಸರಿಮಾಡಿಕೊಂಡು ಹೆಸರು ಕೂಗಿದರು. ಅಜ್ಜಿ ಶಾಲೆಯ ಬೇವಿನ ಮರವನ್ನು ಎರಡೂ ಕೈಯಿಂದ ತಬ್ಬಿಕೊಂಡುಬಿಟ್ಟಳು. ಕಾಲು ಮುಂದಕ್ಕೆ ಹೋಗುತ್ತಿವೆ, ಕೈ ಬಿಡುತ್ತಿಲ್ಲ. ಏನಾಯಿತಜ್ಜಿ ಎಂದು ಓಡಿಹೋದೆ.

"ಇರು ಕಣೆ, ಸ್ವಲ್ಪ ಎಳೀಲಿ ಬಿಡು. ಚೆನ್ನಾಗಿದೆ" ಎಂದಳು.

ಆಮೇಲೆ ಎರಡು ವಾರ ನಮ್ಮೂರಲ್ಲಿ ಯಾರಿಗೂ ಕೆಲಸದ ಮೇಲೆ ಗ್ಯಾನವಿರಲಿಲ್ಲ. ಶಾಲೆಯೆದುರಿನ ಚೌಕದಲ್ಲಿದ್ದ ವಾಚನಾಲಯದ ರೇಡಿಯೋದಲ್ಲಿ ಒಂದೊಂದೇ ಕ್ಷೇತ್ರದ ಫಲಿತಾಂಶ ಬರುತ್ತಿತ್ತು. ಹೊರಗೆ ಕಪ್ಪುಹಲಗೆಯ ಮೇಲೆ ಬರೆಯುವವಳು ನಾನು. ಎಂದೂ ಕೇಳಿರದ ಊರುಗಳು, ಎಂದೂ ಕಾಣದ ಜನ, ಅವರೂ ನಮ್ಮ ಹಾಗೆಯೇ ಸಾಲು ನಿಂತಿದ್ದರೆಂದು ನೆನೆದು ಒಂದೊಂದು ಊರಿನ ಹೆಸರನ್ನೂ ಇನ್ನಷ್ಟು ದುಂಡಗೆ ಬರೆಯುತ್ತಿದ್ದೆ. ಗೆದ್ದವರ ಹೆಸರು ಬಂದಾಗೆಲ್ಲ ಜನ ಹೋ ಎನ್ನುತ್ತಿದ್ದರು, ಯಾರು ಗೆದ್ದರೂ ಸರಿ. ನಮ್ಮ ಅತ್ತಿಗೆ, ಪಟ್ಟಿ ಬರೆಯುವಾಗ ಐದು ತಿಂಗಳ ಬಸುರಿ, ಈಗ ದಿನ ತುಂಬಿ ಮನೆಯಲ್ಲೇ ಕೂತು, ಬಾಯಿ ಬಿಗಿಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಹೋಗಿ ಅವಳಿಗೆ ಫಲಿತಾಂಶ ಹೇಳುವ ಕೆಲಸವೂ ನನ್ನದೇ.

ನಮ್ಮ ಕ್ಷೇತ್ರದ್ದು ಕೊನೆಯ ದಿನ ಬಂತು. ಕೊಡೆ ಗೆದ್ದಿತ್ತು. ಊರು ಕುಣಿಯಿತು. ಗಡಿಯಾರದವರು ಮಾತ್ರ, ಗೆದ್ದವರು ಹೊರಗೆ ಹುಟ್ಟಿದವರು, ಇನ್ನು ಐದು ವರ್ಷ ಎಷ್ಟು ಹೆಸರು ಹಿಡಿದು ಕರೆದರೂ ಅವರ ಕಾಲು ಈ ಕಡೆ ಬಾರದು, ಮುಂದಿನ ಸಲ ನಮ್ಮೂರಲ್ಲಿ ಹುಟ್ಟಿದವರನ್ನೇ ನಿಲ್ಲಿಸಬೇಕು ಎಂದರು. ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ಮಧ್ಯಾಹ್ನದ ಬಸ್ಸಿಗೆ ದ್ವಾರಕಾನಾಥಯ್ಯನವರೇ ನಮ್ಮೂರಿನ ಪೆಟ್ಟಿಗೆಗಳ ಎಣಿಕೆಯ ಕಾಗದ ಹಿಡಿದು ಬಂದರು. ಅವರು ಓದಿದರು, ನಾನು ಬರೆದೆ. ಕೊಡೆ, ಎಂಟುನೂರ ಹನ್ನೆರಡು. ಕಂದೀಲು, ಮುನ್ನೂರ ನಲವತ್ತು. ಒನಕೆ, ಒಂದು.

ನಕ್ಕರು ನೋಡಿ ಜನ, ಹೊಟ್ಟೆ ಹಿಡಿದುಕೊಂಡು ನಕ್ಕರು. ಓಟು ಗುಟ್ಟಾಗಿರಬೇಕೆಂದು ಅಧಿಕಾರಿಗಳು ತಿಂಗಳುಗಟ್ಟಲೆ ಬಡಕೊಂಡಿದ್ದರು. ಆ ಒಂದು ಯಾರದೆಂದು ಮಾತ್ರ ಒಬ್ಬರೂ ಕೇಳಬೇಕಾಗಲಿಲ್ಲ. ಎಲ್ಲರ ಕಣ್ಣೂ ಬೇವಿನ ಮರದ ಕೆಳಗೆ ನಿಂತಿದ್ದ ಅಜ್ಜಿಯ ಕಡೆ ತಿರುಗಿದವು. ನನಗೆ ಭೂಮಿಗಿಳಿದು ಹೋದಂತಾಯಿತು. ಆ ಹೆಣ್ಣುಮಗಳು ಹೆಸರು ಕೇಳಿದ್ದಕ್ಕೆ ಸಿಟ್ಟಾಗಿ ನಾನು ಕೊಡೆಗೆ ಹಾಕಿದ್ದೆ. ಅಜ್ಜಿಯನ್ನು ಇಷ್ಟು ಹುಡುಕಿದವಳು ನಾನು, ಅವಳ ಒಂದಕ್ಕೆ ಜೊತೆಯಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕಪ್ಪುಹಲಗೆಯ ಅಂಚಿನಲ್ಲಿ ಆ ಅಂಕೆಯನ್ನು ಸಣ್ಣದಾಗಿ ಬರೆದು ಇಳಿಯಹೊರಟೆ.

ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ದೊಡ್ಡದಾಗಿ ಬರಿ, ಎಲ್ಲರಿಗೂ ಕಾಣುವ ಹಾಗೆ ಬರಿ ಎಂದಳು. ನಾನು ಅಳಿಸಿ, ಹಲಗೆಯ ತುಂಬ ಒಂದು ಬರೆದೆ. ಅರವತ್ತು ವರ್ಷದಲ್ಲಿ ತನ್ನ ಹೆಸರು ಕೇಳಿದವಳು ಆ ಒನಕೆಯ ಹೆಣ್ಣುಮಗಳೊಬ್ಬಳೇ ಎಂದು ಅಜ್ಜಿ ಜನರಿಗೆ ಹೇಳಿದಳು. ಆ ಹೊತ್ತಿಗೆ ತನ್ನ ಹತ್ತಿರ ಕೊಡಲು ಹೆಸರಿರಲಿಲ್ಲ, ಸಿಕ್ಕಿದ ಮೇಲೆ ಕೊಟ್ಟೆ ಎಂದಳು. ನಗು ನಿಂತಿತು. ಹಿಂದಿನಿಂದ ಗಡಿಯಾರದವರು, ಅಲ್ಲಜ್ಜಿ, ಇಷ್ಟು ದೊಡ್ಡ ದೇಶದಲ್ಲಿ ಒಂದೇ ಒಂದು ಓಟೇ ಎಂದರು.

"ಒಂದು ಸಾಕು ಕಣಪ್ಪ" ಎಂದಳು ಅಜ್ಜಿ.

ಹಾಗೆ ಹೇಳುತ್ತಿದ್ದಂತೆಯೇ ಅವಳ ಬಲಗಾಲು ಎದ್ದಿತು. ಚೌಕದ ಗದ್ದಲದಲ್ಲಿ ನಮಗಾರಿಗೂ ಏನೂ ಕೇಳಿಸಿರಲಿಲ್ಲ. ಕಾಲು ನಮ್ಮ ಮನೆಯ ದಿಕ್ಕಿಗೆ ತಿರುಗಿತು, ಅಜ್ಜಿಯ ಮುಖವೂ ಅದರ ಜೊತೆಗೇ ತಿರುಗಿತು.

"ನಿಮ್ಮತ್ತಿಗೆ" ಎಂದಳು. "ಹೆಸರು ಹಿಡಿದು ಕರೀತಿದಾಳೆ ಕಣೆ ನನ್ನ."

ಸೀಮೆಸುಣ್ಣ ಎಸೆದು ನಾನೂ ಹೊರಟೆ. ಅರವತ್ತು ದಾಟಿದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದಾಳೆ. "ಬಂದೆ, ಬಂದೆ" ಎಂದು ಬೀದಿಯುದ್ದಕ್ಕೂ ಓಗೊಡುತ್ತಿದ್ದಾಳೆ. ಎಷ್ಟು ಓಡಿದರೂ ನನ್ನ ಕೈಲಿ ಅವಳನ್ನು ಹಿಡಿಯಲಾಗಲಿಲ್ಲ.